ಕಟ್ಟು ಬಿಚ್ಚಿದ ಕಡತಗಳು: ಸಿಗರೇಟ್ ಹೊಗೆ ಶ್ವಾಸಕೋಶದ ಜೀನ್‌ಗಳಿಗೆ ಮಾಡುವುದೇನು?

(ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆಯುವಾಗ ತಡವರಿಸಿದ್ದನ್ನೆಲ್ಲ ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಮಾತು ಮುಗಿದ ಮೇಲೆ ಎಕ್ಸ್-ರೇ ತೆಗೆದು ತೋರಿಸಬೇಡಿ, ನನಗೆ ಓದಲು ಬರುವುದಿಲ್ಲ.

ಈ ಮಾತಿಗೆ ಕಾರಣ ನನ್ನ ಸೋದರಮಾವ. ಅವರು ತಾಲ್ಲೂಕು ಕಚೇರಿಯಲ್ಲಿ ರೆಕಾರ್ಡ್ ಕೀಪರ್ ಆಗಿದ್ದವರು. ಮೂವತ್ತು ವರ್ಷ ಹಳೇ ಕಡತಗಳ ಧೂಳು ಕುಡಿದರು, ಆ ಮೂವತ್ತು ವರ್ಷವೂ ಸಿಗರೇಟ್ ಸೇದಿದರು. ರಿಟೈರ್ ಆದ ಮೇಲೆ ಒಂದು ಮಹಡಿ ಹತ್ತುವುದರೊಳಗೆ ಮೇಲುಸಿರು ಬರತೊಡಗಿತು. ಡಾಕ್ಟರ್ ಪರೀಕ್ಷೆ ಮಾಡಿ ಸಿಒಪಿಡಿ ಅಂದರು. ಅವತ್ತೇ ಪ್ಯಾಕು ಎಸೆದರು. ಹಠದ ಮನುಷ್ಯ, ಮತ್ತೆ ಮುಟ್ಟಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದರು: "ಅಲ್ಲಯ್ಯಾ, ಸೇದೋದು ಬಿಟ್ಟು ಎರಡು ವರ್ಷ ಆಯ್ತು. ಕೆಮ್ಮು ಯಾಕೆ ನಿಂತಿಲ್ಲ? ಇನ್ನೊಂದು, ಪಕ್ಕದ ಮನೆ ಹುಡುಗನಿಗೆ ಅಸ್ತಮಾ. ಅವನು ಆ ಸ್ಟೀರಾಯ್ಡ್ ಪಂಪು ಎಳೆದುಕೊಂಡು ಆರಾಮಾಗಿ ಕ್ರಿಕೆಟ್ ಆಡ್ತಾನೆ. ಅದೇ ಔಷಧಿ ನನಗ್ಯಾಕೆ ಅಷ್ಟು ಹಿಡೀತಿಲ್ಲ?"

ನೋಡಿ, ಎರಡೇ ಪ್ರಶ್ನೆ. ಕಳೆದ ಇಪ್ಪತ್ತು, ಇಪ್ಪತ್ತೈದು ವರ್ಷ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ತಲೆ ಕೆಡಿಸಿಕೊಂಡಿರುವ ಪ್ರಶ್ನೆಗಳೇ ಇವು. ಮಾವನಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಸಿಒಪಿಡಿ ಅಂದರೆ ಏನು ಅಂತ ಬೇಗ ಹೇಳಿ ಮುಂದೆ ಹೋಗುತ್ತೇನೆ. ಶ್ವಾಸನಾಳ ಊದಿಕೊಂಡು, ಕಫ ಕಟ್ಟಿ ಇಕ್ಕಟ್ಟಾಗುವುದು ಒಂದು. ಗಾಳಿಚೀಲಗಳ ಗೋಡೆ ಹರಿದು, ಸಣ್ಣ ಚೀಲಗಳು ಸೇರಿ ಜೋಲುಬಿದ್ದ ದೊಡ್ಡ ಚೀಲಗಳಾಗುವುದು ಇನ್ನೊಂದು. ಹೆಚ್ಚಿನವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ತೀರಿಕೊಂಡರು. ಭಾರತದಲ್ಲಿ 2016ರ ಅಂದಾಜಿನಂತೆ ಐದೂವರೆ ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುವಷ್ಟು ನಾವು ಇದರ ಬಗ್ಗೆ ಮಾತಾಡುವುದಿಲ್ಲ. ಯಾಕೋ ಗೊತ್ತಿಲ್ಲ. ಕೆಮ್ಮು ಅಂದರೆ ನಮಗೆ ಸಸಾರ.

ಹೊಗೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಮಸಿ. ಅಡುಗೆಮನೆಯ ಗೋಡೆ ಕಪ್ಪಾದ ಹಾಗೆ ಒಳಗೂ ಕಪ್ಪಾಗುತ್ತದೆ ಎನ್ನುವ ಚಿತ್ರ. ಅದು ಸುಳ್ಳಲ್ಲ, ಟಾರ್ ಕೂರುವುದು ನಿಜ. ಆದರೆ ಮಸಿ ಅಷ್ಟೇ ಆಗಿದ್ದರೆ ಸೇದುವುದು ಬಿಟ್ಟ ಮೇಲೆ ನಿಧಾನಕ್ಕೆ ತೊಳೆದುಹೋಗಬೇಕಿತ್ತು, ಕೆಮ್ಮೂ ಹೋಗಬೇಕಿತ್ತು.

ಇನ್ನೊಂದು ಚಿತ್ರ, ಪತ್ರಿಕೆ ಓದುವವರಿಗೆ ಗೊತ್ತಿರುವುದು: ಹೊಗೆ ಡಿಎನ್‌ಎಯನ್ನು ಕೆಡಿಸುತ್ತದೆ. ಇದೂ ನಿಜ. ದಿನಕ್ಕೆ ಒಂದು ಪ್ಯಾಕ್‌ನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಒಂದೊಂದು ಜೀವಕೋಶದಲ್ಲೂ ಸರಾಸರಿ 150 ಅಕ್ಷರತಪ್ಪುಗಳು ಆಗುತ್ತವೆ ಎಂದು 2016ರಲ್ಲಿ ಲುಡ್ಮಿಲ್ ಅಲೆಕ್ಸಾಂಡ್ರೋವ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಒಂದು ಕೋಶದಲ್ಲಿ, ಒಂದು ವರ್ಷಕ್ಕೆ! ಕ್ಯಾನ್ಸರ್ ಹುಟ್ಟುವುದು ಮುಖ್ಯವಾಗಿ ಈ ದಾರಿಯಲ್ಲಿ.

ನಾನು ಇವತ್ತು ಹೇಳಬೇಕೆಂದಿರುವುದು ಮೂರನೆಯದು. ಇದರಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಪುಸ್ತಕ ಹಾಗೇ ಇರುತ್ತದೆ. ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎನ್ನುವ ವ್ಯವಸ್ಥೆ ಮಾತ್ರ ಕೆಟ್ಟುಹೋಗಿರುತ್ತದೆ.

ಮಾವನಿಗೆ ಇದನ್ನು ಅವರ ಕಚೇರಿಯ ಭಾಷೆಯಲ್ಲೇ ಹೇಳಿದೆ. ನಿಮಗೂ ಹಾಗೇ ಹೇಳುತ್ತೇನೆ. ತಾಲ್ಲೂಕು ಕಚೇರಿಯ ಹಳೇ ರೆಕಾರ್ಡ್ ರೂಮ್ ನೋಡಿದ್ದೀರಲ್ಲ? ಗೋಡೆಗೆ ತಾಗಿಸಿ ಕಬ್ಬಿಣದ ರ‍್ಯಾಕು. ಅದರ ತುಂಬ ಬಟ್ಟೆಯಲ್ಲಿ ಸುತ್ತಿ ದಾರದಿಂದ ಬಿಗಿದ ಕಟ್ಟುಗಳು. ಊರಿನ ಎಲ್ಲ ಜಮೀನಿನ ಚರಿತ್ರೆ ಅಲ್ಲಿದೆ. ಆದರೆ ಕಟ್ಟು ಬಿಗಿಯಾಗಿರುವವರೆಗೆ ಯಾರೂ ಓದಲಾರರು. ಹಳೇ ಪಹಣಿಯ ನಕಲು ಬೇಕು ಅಂದರೆ ಒಬ್ಬ ಕಟ್ಟು ಇಳಿಸಿ ದಾರ ಬಿಚ್ಚಬೇಕು. ಗುಮಾಸ್ತರು ನಕಲು ತೆಗೆಯಬೇಕು. ಕೆಲಸ ಮುಗಿದ ಮೇಲೆ ಇನ್ನೊಬ್ಬ ಅದನ್ನು ಮತ್ತೆ ಬಿಗಿದು ರ‍್ಯಾಕಿಗೆ ಏರಿಸಬೇಕು.

ನಮ್ಮ ಜೀವಕೋಶವೂ ಹೀಗೇ. ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಪ್ರೋಟೀನು ಮಾಡುವ ಜೀನ್‌ಗಳೇ ಹತ್ತಿರ ಹತ್ತಿರ 20 ಸಾವಿರ. ಈ ಎಳೆಯನ್ನು ಸುತ್ತಿಡುವ ಉರುಳೆಗಳಿಗೆ ಹಿಸ್ಟೋನ್ ಅಂತ ಹೆಸರು. ಬಿಗಿಯಾಗಿ ಸುತ್ತಿದ ಕಡೆ ಜೀನ್ ಸುಮ್ಮನಿರುತ್ತದೆ. ಸಡಿಲವಾದ ಕಡೆ ನಕಲು ತೆಗೆಯಬಹುದು. ಸಡಿಲ ಮಾಡುವುದು ಹೇಗೆ? ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಎನ್ನುವ ಒಂದು ಪುಟ್ಟ ತುಣುಕನ್ನು ಅಂಟಿಸಿದರೆ ಸಾಕು. ಹಿಸ್ಟೋನಿಗೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಅದಕ್ಕೇ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಸಿಟೈಲ್ ಬಂದು ಕೂತರೆ ಆ ಸೆಳೆತ ಕಮ್ಮಿಯಾಗಿ ಕಟ್ಟು ಸಡಿಲವಾಗುತ್ತದೆ. 1964ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಆಲ್‌ಫ್ರೀ ಮತ್ತು ಜೊತೆಯವರು ಇದನ್ನು ಗುರುತಿಸಿದರು. ಅಸಿಟೈಲ್ ಅಂಟಿಸುವ ಕಿಣ್ವಗಳು ಬೇರೆ, ಕೀಳುವ ಕಿಣ್ವಗಳು ಬೇರೆ. ಅಂಟಿಸುವವನು ದಾರ ಬಿಚ್ಚುವವನು. ಕೀಳುವವನು ಮತ್ತೆ ಕಟ್ಟುವ ಅಟೆಂಡರ್.

ಕೀಳುವ ಕಿಣ್ವಗಳದ್ದೊಂದು ದೊಡ್ಡ ಬಳಗವೇ ಇದೆ, ಬಳಗದ ಹೆಸರು ಎಚ್‌ಡ್ಯಾಕ್. ಅದರಲ್ಲಿ ಒಬ್ಬನ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳಿ: ಎಚ್‌ಡ್ಯಾಕ್-2. ಇವತ್ತಿನ ಕಥೆಯ ನಾಯಕ ಅವನು.

ಈಗ ಹೊಗೆ ಒಳಗೆ ಬರುತ್ತದೆ. ಸಿಗರೇಟ್ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಒಂದು ದಮ್ಮಿನಲ್ಲಿ ಇರುವ ಫ್ರೀ ರ‍್ಯಾಡಿಕಲ್‌ಗಳ, ಅಂದರೆ ಸಿಕ್ಕಿದ್ದನ್ನೆಲ್ಲ ಕಚ್ಚುವ ಅಣುಗಳ ಅಂದಾಜು ಸಂಖ್ಯೆ ಬರೆಯಬೇಕಾದರೆ ಒಂದರ ಮುಂದೆ 15 ಸೊನ್ನೆ ಹಾಕಬೇಕು. ಒಂದು ದಮ್ಮು, ನೆನಪಿರಲಿ.

ಶ್ವಾಸಕೋಶದ ಕಾವಲು ಕೋಶಗಳಿಗೆ ಇದು ದಾಳಿ ಅಂತಲೇ ಅನ್ನಿಸುತ್ತದೆ. ಎನ್‌ಎಫ್-ಕಪ್ಪಾ-ಬಿ ಎನ್ನುವ ಪ್ರೋಟೀನು ಕೋಶಕೇಂದ್ರಕ್ಕೆ ಓಡುತ್ತದೆ. ಉರಿಯೂತದ ಜೀನ್‌ಗಳ ಕಟ್ಟು ಬಿಚ್ಚಿಸುತ್ತದೆ. ಇಂಟರ್‌ಲ್ಯೂಕಿನ್-8ರ ಜೀನ್ ಅದರಲ್ಲಿ ಒಂದು. ಇಂಟರ್‌ಲ್ಯೂಕಿನ್-8 ಅಂದರೆ ಊರಿಗೆ ಡಂಗುರ ಸಾರಿದ ಹಾಗೆ. ನ್ಯೂಟ್ರೋಫಿಲ್ ಎನ್ನುವ ಬಿಳಿ ರಕ್ತಕಣಗಳು ಅದನ್ನು ಕೇಳಿ ಓಡಿ ಬರುತ್ತವೆ. ಬರುವಾಗ ಕೈಯಲ್ಲಿ ಕತ್ತರಿ ಹಿಡಿದೇ ಬರುತ್ತವೆ. ಎಲಾಸ್ಟೇಸ್ ಎನ್ನುವ ಆ ಕತ್ತರಿ ಶ್ವಾಸಕೋಶಕ್ಕೆ ರಬ್ಬರಿನ ಗುಣ ಕೊಡುವ ಎಳೆಗಳನ್ನೇ ಕತ್ತರಿಸುತ್ತದೆ. ಗಾಳಿಚೀಲ ಜೋಲುಬೀಳುವುದು ಹೀಗೆ.

ರೋಗಾಣು ಬಂದಾಗಲೂ ಇದೇ ಗದ್ದಲ ಆಗುತ್ತದೆ. ಆದರೆ ಕೆಲಸ ಮುಗಿದ ಮೇಲೆ ಎಚ್‌ಡ್ಯಾಕ್-2 ಬಂದು ಕಟ್ಟು ಬಿಗಿಯುತ್ತಾನೆ. ಡಂಗುರ ನಿಲ್ಲುತ್ತದೆ. ಜ್ವರ ಬಿಟ್ಟ ಮೇಲೆ ನಾವು ಮತ್ತೆ ಮೊದಲಿನಂತಾಗುವುದು ಇಂಥ ಕಟ್ಟುವವರಿಂದ.

ಸಿಒಪಿಡಿ ಇರುವವರಲ್ಲಿ ಈ ಕಟ್ಟುವವನೇ ಕಾಣೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಜುಹಿರೊ ಇಟೊ, ಪೀಟರ್ ಬಾರ್ನ್ಸ್ ಮತ್ತು ಅವರ ತಂಡ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ರೋಗಿಗಳ ಶ್ವಾಸಕೋಶದ ಚೂರುಗಳನ್ನು ತೆಗೆದುಕೊಂಡು, ಕಾಯಿಲೆಯ ಹಂತಕ್ಕೆ ತಕ್ಕಂತೆ ಸಾಲಾಗಿಟ್ಟು ನೋಡಿದರು. ಕಾಯಿಲೆ ಒಂದೊಂದು ಹಂತ ಏರಿದಂತೆ ಎಚ್‌ಡ್ಯಾಕ್ ಕೆಲಸ ಒಂದೊಂದು ಮೆಟ್ಟಿಲು ಇಳಿದಿತ್ತು. ಇಂಟರ್‌ಲ್ಯೂಕಿನ್-8ರ ಜೀನಿನ ಬಾಗಿಲಲ್ಲಿ ಅಸಿಟೈಲ್ ಏರುತ್ತಾ ಹೋಗಿತ್ತು. ಅವರು ಜಾಣತನದಿಂದ ಬೇರೆ ಕಾಯಿಲೆಯವರನ್ನೂ ಹೋಲಿಕೆಗೆ ಇಟ್ಟುಕೊಂಡಿದ್ದರು. ನ್ಯುಮೋನಿಯಾದವರ ಶ್ವಾಸಕೋಶದಲ್ಲಿ ಉರಿಯೂತ ಜೋರಾಗಿಯೇ ಇರುತ್ತದೆ, ಆದರೆ ಈ ಇಳಿಕೆ ಅಲ್ಲಿ ಕಾಣಲಿಲ್ಲ. ಅಸ್ತಮಾದವರಲ್ಲಿ ಎದ್ದು ಕಂಡಿದ್ದು ಬೇರೆಯದೇ: ಕಟ್ಟು ಬಿಚ್ಚುವವರ ಕೆಲಸ ಹೆಚ್ಚಾಗಿತ್ತು. ಸಿಒಪಿಡಿಯಲ್ಲಿ ಬಿಚ್ಚುವವರು ಮೊದಲಿನಷ್ಟೇ, ಕಟ್ಟುವವರೇ ಕಮ್ಮಿ.

ಹೊರಗಿನಿಂದ ನೋಡಿದರೆ ಎರಡೂ ಉಬ್ಬಸವೇ. ಮೇಜಿನ ಮೇಲೆ ಕಡತ ಹರಡಿರುವುದೂ ಎರಡು ಕಡೆ ಒಂದೇ ಥರ ಕಾಣುತ್ತದೆ. ಕಾರಣ ಮಾತ್ರ ತದ್ವಿರುದ್ಧ. ನನಗೆ ಈ ಹೋಲಿಕೆ ಬಹಳ ಇಷ್ಟ.

ಅಟೆಂಡರ್‌ಗೆ ಆಗುವುದೇನು? ಹೊಗೆಯಿಂದ ಬರುವ, ಮತ್ತು ಹೊಗೆಗೆ ಕೆರಳಿದ ಕೋಶಗಳಿಂದ ಬರುವ ಸೂಪರ್‌ಆಕ್ಸೈಡ್ ಒಂದು ಕಡೆ. ದೇಹದಲ್ಲೇ ಇರುವ ನೈಟ್ರಿಕ್ ಆಕ್ಸೈಡ್ ಇನ್ನೊಂದು ಕಡೆ. ಇವೆರಡೂ ಸೇರಿದರೆ ಪೆರಾಕ್ಸಿನೈಟ್ರೈಟ್ ಎನ್ನುವ ಉಗ್ರ ಅಣು ಹುಟ್ಟುತ್ತದೆ. ಅದು ಎಚ್‌ಡ್ಯಾಕ್-2ರ ಮೈಮೇಲೆ ಗಾಯ ಮಾಡುತ್ತದೆ. ಇನ್ನೊಂದು ದಾರಿಯಲ್ಲಿ ಪಿಐ3 ಕೈನೇಸ್ ಎನ್ನುವ ಕಿಣ್ವ ಕೆರಳಿ ಎಚ್‌ಡ್ಯಾಕ್-2ಕ್ಕೆ ಫಾಸ್ಫೇಟ್ ತಗುಲುತ್ತದೆ. ಗುರುತು ಬಿದ್ದ ಪ್ರೋಟೀನನ್ನು ಕೋಶ ತನ್ನ ಕಸದ ಯಂತ್ರಕ್ಕೆ ಹಾಕಿ ಚೂರು ಮಾಡಿಬಿಡುತ್ತದೆ. ಗಾಯಗೊಂಡವನಿಗೆ ರಜೆ ಕೊಡುವ ಪದ್ಧತಿ ಅಲ್ಲಿಲ್ಲ, ನೇರ ವಜಾ.

ಇನ್ನು ಸ್ಟೀರಾಯ್ಡ್. ಅದು ಉರಿಯೂತವನ್ನು ನೇರವಾಗಿ ಆರಿಸುತ್ತದೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಕೋಶದೊಳಗೆ ತನ್ನನ್ನು ಬರಮಾಡಿಕೊಳ್ಳುವ ಪ್ರೋಟೀನನ್ನು, ಅಂದರೆ ಗ್ರಾಹಕವನ್ನು ಹಿಡಿದುಕೊಂಡು, ಬಿಚ್ಚಿಕೊಂಡಿರುವ ಉರಿಯೂತದ ಜೀನ್ ಹತ್ತಿರ ಹೋಗಿ, ಅಲ್ಲಿಗೆ ಎಚ್‌ಡ್ಯಾಕ್-2ನ್ನು ಕರೆಸುತ್ತದೆ. ಅದರ ಕೆಲಸದ ದೊಡ್ಡ ಪಾಲು ಇದೇ. ಕಟ್ಟುವುದು ಎಚ್‌ಡ್ಯಾಕ್-2. ಸ್ಟೀರಾಯ್ಡ್ ಬರೀ ಆರ್ಡರ್.

ಇಷ್ಟು ಹೇಳಿದ ತಕ್ಷಣ ಮಾವ ಜೋರಾಗಿ ನಕ್ಕರು. ನಕ್ಕು ಕೆಮ್ಮಿದರು. "ಗೊತ್ತಾಯ್ತು ಬಿಡು. ನಮ್ಮಲ್ಲಿ ಒಬ್ಬ ಅಟೆಂಡರ್ ರಿಟೈರ್ ಆದ ಮೇಲೆ ಆರು ತಿಂಗಳು ಆ ಪೋಸ್ಟ್ ಖಾಲಿ ಬಿದ್ದಿತ್ತು. ಸಾಹೇಬರು ದಿನಾ ಮೆಮೊ ಕಳಿಸೋರು, ಕಡತ ಒಳಗಿಡಿ, ಕಡತ ಒಳಗಿಡಿ ಅಂತ. ಕಡತದ ಮೇಲೆ ಮೆಮೊ ಕೂತ್ಕೊಂತು, ಅಷ್ಟೇ ಆಗಿದ್ದು."

ನಾನು ತರಗತಿಯಲ್ಲಿ ಒಂದು ಗಂಟೆ ಹೇಳುವುದನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸಿದರು. ಮೆಮೊ ಜೋರು ಮಾಡಿದರೂ, ಅಂದರೆ ಸ್ಟೀರಾಯ್ಡ್ ಡೋಸ್ ಏರಿಸಿದರೂ ಹೆಚ್ಚು ಪ್ರಯೋಜನ ಕಾಣದಿರುವುದಕ್ಕೆ ಇದೊಂದು ಮುಖ್ಯ ವಿವರಣೆ. ಸಿಗರೇಟ್ ಸೇದುವ ಅಸ್ತಮಾ ರೋಗಿಗಳಲ್ಲೂ ಸ್ಟೀರಾಯ್ಡ್ ಕಮ್ಮಿ ಕೆಲಸ ಮಾಡುತ್ತದೆ.

"ಹಾಗಾದ್ರೆ ಪಂಪು ಬಿಟ್ಟುಬಿಡ್ಲಾ?" ಅಂತ ಮಾವ ಕೇಳಿದರು. ಇಲ್ಲಿರುವ ಯಾರಾದರೂ ಹಾಗೆ ಅಂದುಕೊಳ್ಳುವ ಮೊದಲೇ ಹೇಳುತ್ತೇನೆ, ಬಿಡಬೇಡಿ. ಪಂಪಿನಲ್ಲಿ ಶ್ವಾಸನಾಳ ಹಿಗ್ಗಿಸುವ ಔಷಧಿಯೂ ಇರುತ್ತದೆ. ಅದು ಕೆಲಸ ಮಾಡುವುದು ನಾಳದ ಸ್ನಾಯುವಿನ ಮೇಲೆ, ಅಟೆಂಡರ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ಸಂಬಂಧ ಇಲ್ಲ. ಸ್ಟೀರಾಯ್ಡ್ ಕೂಡ ಕೆಲವು ಸಿಒಪಿಡಿ ರೋಗಿಗಳಿಗೆ, ಅದರಲ್ಲೂ ರಕ್ತದಲ್ಲಿ ಇಯೊಸಿನೊಫಿಲ್ ಎನ್ನುವ ಬಿಳಿ ರಕ್ತಕಣ ಜಾಸ್ತಿ ಇರುವವರಿಗೆ ಉಪಯೋಗ ಆಗುತ್ತದೆ. ಯಾರಿಗೆ ಯಾವುದು ಅಂತ ಹೇಳಬೇಕಾದವರು ನಿಮ್ಮ ಡಾಕ್ಟರ್.

ಇಲ್ಲಿಂದ ಕಥೆ ರೋಚಕ ಆಗುತ್ತದೆ. ಅಟೆಂಡರ್‌ನನ್ನು ವಾಪಸ್ ತರಬಹುದಾ? 2006ರಲ್ಲಿ ಅದೇ ಲಂಡನ್ ತಂಡ ಸಿಒಪಿಡಿ ರೋಗಿಗಳ ಶ್ವಾಸಕೋಶದ ಕಾವಲು ಕೋಶಗಳಿಗೆ ಪ್ರಯೋಗಾಲಯದಲ್ಲಿ ಹೊರಗಿನಿಂದ ಎಚ್‌ಡ್ಯಾಕ್-2 ತುಂಬಿಸಿತು. ಸ್ಟೀರಾಯ್ಡ್ ಮತ್ತೆ ಕೆಲಸ ಮಾಡಿತು! ಅಂದರೆ ಬೀಗ ಯಾವುದು ಅಂತ ಸಿಕ್ಕಿದ ಹಾಗೆ. ಇನ್ನು ಬೇಕಾಗಿದ್ದು ಕೀಲಿ. ಆ ಕೀಲಿಯ ಸುಳಿವೂ ಆಗಲೇ ಅವರ ಹತ್ತಿರ ಇತ್ತು. ಥಿಯೋಫಿಲಿನ್ ಎನ್ನುವ ಹಳೇ, ಅಗ್ಗದ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಎಚ್‌ಡ್ಯಾಕ್ ಚುರುಕಾಗುತ್ತದೆ ಎಂದು 2002ರಲ್ಲೇ ಅವರು ತೋರಿಸಿದ್ದರು. ನಮ್ಮ ಕಡೆ ಉಬ್ಬಸದವರ ಮನೆಯಲ್ಲೆಲ್ಲ ಇರುತ್ತಿದ್ದ ಡೆರಿಫಿಲಿನ್ ಮಾತ್ರೆಯಲ್ಲೂ ಥಿಯೋಫಿಲಿನ್ ಇದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಹಿಸ್ಟೋನ್ ಎನ್ನುವ ಆ ಉರುಳೆಯನ್ನು ಮೊದಲು ಕಂಡುಹಿಡಿದವರು ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್. 1884ರಲ್ಲಿ, ಹೆಬ್ಬಾತಿನ ರಕ್ತದಲ್ಲಿ. ನಾಲ್ಕು ವರ್ಷ ಕಳೆದು 1888ರಲ್ಲಿ ಅದೇ ಕೊಸೆಲ್ ಚಹಾ ಎಲೆಯಿಂದ ಒಂದು ಹೊಸ ಪದಾರ್ಥ ತೆಗೆದರು. ಅದೇ ಥಿಯೋಫಿಲಿನ್. ಉರುಳೆಯೂ ಅವರದೇ, ಔಷಧಿಯೂ ಅವರದೇ. ಎರಡಕ್ಕೂ ನಂಟಿದೆ ಅಂತ ಅವರಿಗೆ ಹೊಳೆಯುವ ಸಾಧ್ಯತೆಯೇ ಇರಲಿಲ್ಲ. 1910ರಲ್ಲಿ ಅವರಿಗೆ ನೊಬೆಲ್ ಬಂತು. ಆ ನಂಟು ಗೊತ್ತಾಗಲು ಇನ್ನೂ ತೊಂಬತ್ತು ವರ್ಷ ಹಿಡಿಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಇಷ್ಟು ಚೆಂದದ ಕಥೆಗೆ ಚೆಂದದ ಕೊನೆ ಇರಬೇಕು, ಅಲ್ವಾ? ಇಲ್ಲ. ಬ್ರಿಟನ್ನಿನಲ್ಲಿ 121 ಕಡೆ, 1500ಕ್ಕೂ ಹೆಚ್ಚು ಸಿಒಪಿಡಿ ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಎಲ್ಲರಿಗೂ ಸ್ಟೀರಾಯ್ಡ್ ಪಂಪು. ಅರ್ಧ ಜನರಿಗೆ ಜೊತೆಯಲ್ಲಿ ಕಡಿಮೆ ಪ್ರಮಾಣದ ಥಿಯೋಫಿಲಿನ್, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧಿ ಇಲ್ಲದ ಸಪ್ಪೆ ಮಾತ್ರೆ. ಒಂದು ವರ್ಷದಲ್ಲಿ ಎಷ್ಟು ಸಲ ಕಾಯಿಲೆ ಉಲ್ಬಣಿಸಿತು ಅಂತ ಎಣಿಸಿದರು. ಫಲಿತಾಂಶ 2018ರಲ್ಲಿ ಬಂತು. ಥಿಯೋಫಿಲಿನ್ ತೆಗೆದುಕೊಂಡವರಲ್ಲಿ ಸರಾಸರಿ 2.24 ಸಲ. ಸಪ್ಪೆ ಮಾತ್ರೆಯವರಲ್ಲಿ 2.23 ಸಲ. ಏನೇನೂ ವ್ಯತ್ಯಾಸ ಇಲ್ಲ.

ಈ ಭಾಗವನ್ನು ಬಿಟ್ಟು ಹೇಳಿದರೆ ಉಪನ್ಯಾಸ ಚೆನ್ನಾಗಿ ಕಾಣುತ್ತದೆ, ನನಗೂ ಗೊತ್ತು. ಆದರೆ ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೂ, ಹತ್ತಾರು ವರ್ಷ ಹೊಗೆ ಕುಡಿದ ಇಡೀ ಶ್ವಾಸಕೋಶಕ್ಕೂ ಅಜಗಜಾಂತರ. ಎಚ್‌ಡ್ಯಾಕ್-2 ಕಡಿಮೆ ಇರುವುದು ಸುಳ್ಳಾಗಲಿಲ್ಲ. ಈ ಒಂದು ಕೀಲಿಯಿಂದ ಬಾಗಿಲು ತೆರೆಯಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ" ಅಂತ ಬಂದಾಗ, ತಟ್ಟೆಯಲ್ಲೋ ಮನುಷ್ಯರಲ್ಲೋ ಅಂತ ಒಮ್ಮೆ ಕೇಳಿಕೊಳ್ಳಿ.

ಮಾವನ ಮೊದಲ ಪ್ರಶ್ನೆಗೆ ಬರುತ್ತೇನೆ. ಬಿಟ್ಟ ಮೇಲೂ ಯಾಕೆ?

ಒಂದು ಉತ್ತರ ಆಗಲೇ ಸುಳಿದುಹೋಯಿತು. ಓಡಿ ಬಂದ ಬಿಳಿ ರಕ್ತಕಣಗಳು ತಾವೇ ಸೂಪರ್‌ಆಕ್ಸೈಡ್ ಉಗುಳುತ್ತವೆ. ಹೊಗೆ ನಿಂತರೂ ಅವು ಉಗುಳುವುದು ನಿಲ್ಲುವುದಿಲ್ಲ. ಅದರಿಂದ ಕಟ್ಟುವವನಿಗೆ ಮತ್ತೆ ಏಟು. ಕಟ್ಟುವವನಿಲ್ಲದೆ ಡಂಗುರ ನಿಲ್ಲದು. ಡಂಗುರ ನಿಲ್ಲದೆ ಬಿಳಿ ಕಣಗಳು ಬರುವುದು ನಿಲ್ಲದು. ಕಾಯಿಲೆ ಒಂದು ಹಂತ ದಾಟಿದ ಮೇಲೆ ಅದಕ್ಕೆ ಸಿಗರೇಟಿನ ಹಂಗೇ ಬೇಕಿಲ್ಲ, ತನ್ನ ಸೌದೆ ತಾನೇ ತಂದುಕೊಳ್ಳುತ್ತದೆ.

ಇನ್ನೊಂದು ಉತ್ತರ ಡಿಎನ್‌ಎ ಮೇಲೇ ಬೀಳುವ ಗುರುತುಗಳಲ್ಲಿದೆ. ಕಡತದ ಕಟ್ಟಿನ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲ, ಹಾಗೆ ಡಿಎನ್‌ಎಯ ಕೆಲವು ಅಕ್ಷರಗಳ ಮೇಲೆ ಮೀಥೈಲ್ ಎನ್ನುವ ಮುದ್ರೆ ಇರುತ್ತದೆ. ಸೇದುವವರಲ್ಲಿ ಕೆಲವು ಕಡೆ ಮುದ್ರೆ ಅಳಿದಿರುತ್ತದೆ, ಕೆಲವು ಕಡೆ ಹೊಸದಾಗಿ ಬಿದ್ದಿರುತ್ತದೆ. ಅತಿ ಪ್ರಸಿದ್ಧವಾದದ್ದು ಎಎಚ್‌ಆರ್‌ಆರ್ ಎನ್ನುವ ಜೀನ್. ಹೊಗೆಯ ವಿಷವನ್ನು ಗುರುತಿಸಿ ಕೆಲಸಕ್ಕಿಳಿಯುವ ಒಂದು ಪ್ರೋಟೀನಿಗೆ ಇದು ಕಡಿವಾಣ ಹಾಕುತ್ತದೆ. ಸೇದುವವರ ರಕ್ತದಲ್ಲಿ ಈ ಜೀನಿನ ಒಂದು ಜಾಗದ ಮುದ್ರೆ ಎಷ್ಟು ಸ್ಪಷ್ಟವಾಗಿ ಅಳಿದಿರುತ್ತದೆ ಅಂದರೆ, ಅದನ್ನು ನೋಡಿಯೇ ಇವರು ಸೇದುತ್ತಾರೋ ಇಲ್ಲವೋ ಅಂತ ಬಹುಮಟ್ಟಿಗೆ ಹೇಳಬಹುದು. ಬಿಟ್ಟೆ ಅಂತ ಹೆಂಡತಿಗೆ ಹೇಳಬಹುದು, ರಕ್ತವನ್ನು ನಂಬಿಸುವುದು ಕಷ್ಟ. (ಇಲ್ಲಿ ಹಿಂದಿನ ಸಾಲಿನ ಹೆಂಗಸರು ಜೋರಾಗಿ ನಕ್ಕರು, ಮುಂದಿನ ಸಾಲಿನ ಒಂದಿಬ್ಬರು ನಗಲಿಲ್ಲ.)

2016ರಲ್ಲಿ ಸುಮಾರು 16 ಸಾವಿರ ಜನರ ರಕ್ತದ ಮಾದರಿಗಳನ್ನು ಒಟ್ಟಿಗೆ ನೋಡಿದ ಒಂದು ದೊಡ್ಡ ಅಧ್ಯಯನ ಬಂತು. ಹೊಗೆಯ ಗುರುತು 7000ಕ್ಕೂ ಹೆಚ್ಚು ಜೀನ್‌ಗಳ ಆಸುಪಾಸಿನಲ್ಲಿ ಸಿಕ್ಕಿತು. ನಮ್ಮ ಜೀನ್‌ಗಳಲ್ಲಿ ಮೂರನೇ ಒಂದು ಪಾಲು! ಒಳ್ಳೇ ಸುದ್ದಿಯೂ ಅದರಲ್ಲೇ ಇತ್ತು: ಹೆಚ್ಚಿನ ಗುರುತುಗಳು ಬಿಟ್ಟ ಐದು ವರ್ಷದೊಳಗೆ ಎಂದೂ ಸೇದದವರ ಮಟ್ಟಕ್ಕೆ ಬಂದಿದ್ದವು. ಆದರೆ 19 ಜೀನ್‌ಗಳಲ್ಲಿ ಕೆಲವು ಗುರುತುಗಳು 30 ವರ್ಷ ಕಳೆದರೂ ಹಾಗೇ ಇದ್ದವು. ಇದು ರಕ್ತದ ಮಾತು. ಶ್ವಾಸನಾಳದ ಒಳಪದರದ ಕೋಶಗಳನ್ನೇ ಸಣ್ಣ ಬ್ರಷ್‌ನಲ್ಲಿ ಸವರಿ ತೆಗೆದು ನೋಡಿದವರು ಬಾಸ್ಟನ್ ವಿಶ್ವವಿದ್ಯಾಲಯದ ಅವ್ರಮ್ ಸ್ಪೈರಾ ಮತ್ತು ಜೆರೋಮ್ ಬ್ರಾಡಿ ತಂಡದವರು, 2004ರಲ್ಲಿ. ಅಲ್ಲೂ ಇದೇ ಚಿತ್ರ. ಎಷ್ಟೋ ಜೀನ್‌ಗಳು ಎರಡು ವರ್ಷದ ಹೊತ್ತಿಗೆ ಮೊದಲಿನಂತಾಗಿದ್ದವು. ಕೆಲವು ಮಾತ್ರ ವರ್ಷಗಟ್ಟಲೆ ಕಳೆದರೂ ಹಳೇ ರಾಗವನ್ನೇ ಹಾಡುತ್ತಿದ್ದವು.

ಸೇದದವರಿಗೂ ಈ ಮುದ್ರೆ ತಾಗುತ್ತದೆ. ಬಸುರಿಯಾಗಿದ್ದಾಗ ತಾಯಿ ಸೇದಿದ್ದರೆ ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೂ ಅದು ಕಾಣುತ್ತದೆ. ಅದೂ 2016ರದ್ದೇ ಅಧ್ಯಯನ, 6685 ಶಿಶುಗಳು. ಅದೇ ಎಎಚ್‌ಆರ್‌ಆರ್ ಅಲ್ಲೂ ಇತ್ತು. ಒಂದು ದಮ್ಮೂ ಎಳೆಯದ ಮಗು.

ಅಕ್ಷರತಪ್ಪಿನ ವಿಷಯ ಇವತ್ತಿನದಲ್ಲ ಅಂದೆ. ಆದರೂ ಒಂದನ್ನು ಹೇಳದೆ ಇರಲಾರೆ. 2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು 16 ಜನರ ಶ್ವಾಸನಾಳದಿಂದ ಒಂದೊಂದೇ ಕೋಶ ತೆಗೆದು ಬೆಳೆಸಿ ಓದಿದರು. ಸೇದುವವರ ಹೆಚ್ಚಿನ ಕೋಶಗಳಲ್ಲಿ ಸಾವಿರಾರು ತಪ್ಪುಗಳು. ಬಿಟ್ಟವರಲ್ಲಿ ಮಾತ್ರ ವಿಚಿತ್ರ: ಕೆಲವರಲ್ಲಿ ಶೇಕಡಾ 40ರಷ್ಟು ಕೋಶಗಳು ಎಂದೂ ಸೇದದವರ ಕೋಶಗಳಂತೆಯೇ ಇದ್ದವು. ಇಂಥ ಕೋಶಗಳು ಸೇದುತ್ತಿರುವವರಲ್ಲಿ ಇದ್ದದ್ದರ ನಾಲ್ಕು ಪಟ್ಟು. ಎಲ್ಲೋ ಮರೆಯಲ್ಲಿ ಉಳಿದಿದ್ದ ಒಳ್ಳೇ ಕೋಶಗಳು ಹೊಗೆ ನಿಂತ ಮೇಲೆ ಹಬ್ಬಿದಂತಿದೆ. ಬೇಸಿಗೆಯಲ್ಲಿ ಸತ್ತೇ ಹೋಯಿತು ಅಂದುಕೊಂಡ ಗರಿಕೆ ಮೊದಲ ಮಳೆಗೆ ಮೇಲೆದ್ದ ಹಾಗೆ.

ಹರಿದ ಗಾಳಿಚೀಲ ಮಾತ್ರ ಮತ್ತೆ ಹೊಲಿದುಕೊಳ್ಳುವುದಿಲ್ಲ. 1977ರಲ್ಲಿ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ಲಂಡನ್ನಿನ ದುಡಿಯುವ ಗಂಡಸರ ಉಸಿರನ್ನು ವರ್ಷಗಟ್ಟಲೆ ಅಳೆದು ಹೇಳಿದ್ದು ಇವತ್ತಿಗೂ ನಿಂತಿದೆ. ಕಳೆದುಕೊಂಡ ಉಸಿರು ವಾಪಸ್ ಬರುವುದಿಲ್ಲ, ಆದರೆ ಬಿಟ್ಟ ದಿನದಿಂದ ಕಳೆದುಕೊಳ್ಳುವ ವೇಗ ಎಂದೂ ಸೇದದವರ ವೇಗದ ಹತ್ತಿರಕ್ಕೆ ಬರುತ್ತದೆ. ಮಾವನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹತ್ತು ವರ್ಷ ಮೊದಲೇ ಹೇಳಬಾರದಿತ್ತೇನೋ" ಅಂದರು. ಹೇಳಿದ್ದೆ. ಅವತ್ತು ಅವರು ಕೇಳಿಸಿಕೊಳ್ಳಲಿಲ್ಲ, ನಾನು ಇವತ್ತು ನೆನಪಿಸಲಿಲ್ಲ.

ನನ್ನ ಮಾತು ಇಷ್ಟು. ಮುಂದಿನದು ಸಭೆಯ ಪ್ರಶ್ನೆಗಳು.

ಎಲ್ಲ ಕಡೆ ಬರುವ ಪ್ರಶ್ನೆ ಇಲ್ಲೂ ಮೊದಲೇ ಬಂತು. ಒಬ್ಬ ಯುವಕ ಎದ್ದು ನಿಂತ: "ಸಾರ್, ನಮ್ಮಜ್ಜ ತೊಂಬತ್ತು ವರ್ಷದವರೆಗೆ ಸೇದಿದ್ರು, ಗಟ್ಟಿಮುಟ್ಟಾಗೇ ಇದ್ರು. ಅದಕ್ಕೇನಂತೀರಿ?"

ನಿಮ್ಮಜ್ಜನ ಜೊತೆ ಸೇದಿ ಅರವತ್ತಕ್ಕೇ ಹೋದವರ ಮೊಮ್ಮಕ್ಕಳು ಇಲ್ಲಿ ಎದ್ದು ನಿಂತು ಆ ಕಥೆ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ ಅಂದೆ. ಆದರೆ ಪ್ರಶ್ನೆ ಒಳ್ಳೆಯದು. ಎಲ್ಲ ಸೇದುವವರಿಗೂ ಸಿಒಪಿಡಿ ಬರುವುದಿಲ್ಲ, ಹುಟ್ಟಿನಿಂದ ಬಂದ ಜೀನ್‌ಗಳೂ ಲೆಕ್ಕಕ್ಕೆ ಬರುತ್ತವೆ. 1963ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಕಾರ್ಲ್-ಬರ್ಟಿಲ್ ಲಾರೆಲ್ ಎನ್ನುವವರು ರಕ್ತದ ಪ್ರೋಟೀನುಗಳನ್ನು ಪಟ್ಟಿ ಪಟ್ಟಿಯಾಗಿ ಬೇರ್ಪಡಿಸಿ ನೋಡುತ್ತಿದ್ದರು. 1500 ಮಾದರಿಗಳಲ್ಲಿ ಐದರಲ್ಲಿ ಮಾತ್ರ ಒಂದು ಪಟ್ಟಿ ಇರಲಿಲ್ಲ. ಅವರೂ ಸ್ಟೆನ್ ಎರಿಕ್ಸನ್ ಎನ್ನುವ ಯುವ ವೈದ್ಯರೂ ಹುಡುಕಿ ನೋಡಿದರೆ, ಆ ಐವರಲ್ಲಿ ಮೂವರ ಗಾಳಿಚೀಲಗಳು ಚಿಕ್ಕ ವಯಸ್ಸಿಗೇ ಹರಿದಿದ್ದವು. ಇಲ್ಲದ ಆ ಪ್ರೋಟೀನು ಆಲ್ಫಾ-1 ಆಂಟಿಟ್ರಿಪ್ಸಿನ್. ನ್ಯೂಟ್ರೋಫಿಲ್‌ನ ಕತ್ತರಿಗೆ ಒರೆ ಹಾಕುವುದೇ ಅದರ ಕೆಲಸ. ಒರೆ ಇಲ್ಲದವನು ಸೇದಿದರೆ ಗತಿ ಏನು, ನೀವೇ ಯೋಚಿಸಿ. ಅಜ್ಜನ ಒರೆ ಗಟ್ಟಿ ಇತ್ತೇನೋ. ನಿಮ್ಮದು ಗಟ್ಟಿ ಅಂತ ಯಾರು ಹೇಳಿದರು?

ಸೆರಗು ಹೊದ್ದು ಕೂತಿದ್ದ ಒಬ್ಬ ಅಜ್ಜಿ ಕೂತಲ್ಲೇ ಕೇಳಿದರು: "ನಾ ಬೀಡಿ ಸಿಗರೇಟ್ ಮುಟ್ಟಿದವಳಲ್ಲಪ್ಪಾ. ನಂಗೂ ಇದೇ ಕಾಯಿಲೆ ಅಂದವ್ರೆ. ಒಲೆ ಊದಿ ಊದಿ ಬಂತಾ?"

ಇರಬಹುದು ಅಮ್ಮ. ನಿಜ ಹೇಳಬೇಕೆಂದರೆ ಈ ಪ್ರಶ್ನೆಯಿಂದಲೇ ಉಪನ್ಯಾಸ ಶುರು ಮಾಡಬೇಕಿತ್ತು. 2016ರ ಲೆಕ್ಕದಲ್ಲಿ ಭಾರತದಲ್ಲಿ ಸಿಒಪಿಡಿಯ ಭಾರದಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯ ಮಾಲಿನ್ಯದ್ದು, ಮನೆಯೊಳಗಿನ ಹೊಗೆಯೂ ಅದರಲ್ಲಿ ಸೇರಿದೆ. ತಂಬಾಕಿನ ಪಾಲು ಕಾಲು ಭಾಗ. ಸೌದೆ, ಬೆರಣಿಯ ಹೊಗೆಯಲ್ಲೂ ಫ್ರೀ ರ‍್ಯಾಡಿಕಲ್‌ಗಳಿವೆ, ಸಿಗರೇಟಿನಲ್ಲಿರುವ ಎಷ್ಟೋ ವಿಷಗಳಿವೆ. ನಮ್ಮ ದೇಶದಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಜಾಸ್ತಿ: 2016-17ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಬೀಡಿ ಶೇಕಡಾ 7.7, ಸಿಗರೇಟ್ ಶೇಕಡಾ 4. ಬೀಡಿಯಲ್ಲಿ ತಂಬಾಕು ಕಮ್ಮಿ ಅಂತ ಸಮಾಧಾನ ಬೇಡ. ಆ ಎಲೆಯಲ್ಲಿ ಗಾಳಿ ಸುಲಭಕ್ಕೆ ಆಡುವುದಿಲ್ಲ. ಆರದ ಹಾಗೆ ನೋಡಿಕೊಳ್ಳಲು ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು.

ಮೂರನೆಯವರಿಗೆ ಬ್ರಕೋಲಿಯ ಮೇಲೆ ನಂಬಿಕೆ. ಅದರಲ್ಲಿರುವ ಸಲ್ಫೊರಾಫೇನ್ ದೇಹದ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ ಎಂದು ಎಲ್ಲೋ ಓದಿದ್ದರು. ಓದಿದ್ದು ಸರಿ. ಎನ್‌ಆರ್‌ಎಫ್-2 ಎನ್ನುವ ಪ್ರೋಟೀನು ಆ ಜೀನ್‌ಗಳ ಮೇಸ್ತ್ರಿ, ಸಿಒಪಿಡಿಯಲ್ಲಿ ಅದೂ ಸೊರಗಿರುತ್ತದೆ. ತಟ್ಟೆಯ ಕೋಶಗಳಲ್ಲಿ ಸಲ್ಫೊರಾಫೇನ್ ಅದನ್ನು ಎಬ್ಬಿಸುತ್ತದೆ. ಸಿಒಪಿಡಿ ರೋಗಿಗಳಿಗೆ ನಾಲ್ಕು ವಾರ ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆಯಲ್ಲಿ ಮೇಸ್ತ್ರಿ ಏಳಲಿಲ್ಲ. ಬ್ರಕೋಲಿ ತಿನ್ನಿ, ಪಲ್ಯ ಚೆನ್ನಾಗಿರುತ್ತದೆ.

ಅಷ್ಟರಲ್ಲಿ ಗ್ರಂಥಾಲಯದವರು ಟೀ ತಂದರು. ಲೋಟ ಕೈಗೆ ಬಂದ ಕೂಡಲೇ ಮುಂದಿನ ಸಾಲಿನ ಒಬ್ಬ ಹಿರಿಯರು, ಮೊದಲು ನಗದೇ ಕೂತಿದ್ದವರು, ಕೇಳಿಯೇಬಿಟ್ಟರು: "ಅಲ್ಲಾ ಮೇಷ್ಟ್ರೇ, ಆ ಥಿಯೋಫಿಲಿನ್ ಟೀ ಎಲೆಯಿಂದ ತೆಗೆದದ್ದು ಅಂದ್ರಲ್ಲ. ಹಾಗಾದ್ರೆ ಇದು ದಿನಕ್ಕೆ ಎಷ್ಟು ಲೋಟ ಕುಡಿದರೆ ಆಗುತ್ತೆ?"

ಆ ಬ್ರಿಟನ್ನಿನ ಪರೀಕ್ಷೆಯಲ್ಲಿ ಕೊಟ್ಟಿದ್ದು ದಿನಕ್ಕೆ ಒಂದೋ ಎರಡೋ ಸಲ, 200 ಮಿಲಿಗ್ರಾಂ. ಒಂದು ಲೀಟರ್ ಟೀಯಲ್ಲಿ ಥಿಯೋಫಿಲಿನ್ ಇರುವುದು ಒಂದು ಮಿಲಿಗ್ರಾಂ ಆಸುಪಾಸು. ಆ ಲೆಕ್ಕದಲ್ಲಿ ಇನ್ನೂರು ಲೀಟರ್ ಆಗುತ್ತೆ ಸಾರ್, ಅಷ್ಟು ಕುಡಿದರೂ 2.24 ಸಲವೇ ಅಂದೆ. ಅವರು ಲೋಟ ಕೆಳಗಿಡಲಿಲ್ಲ. ಇನ್ನೊಂದು ಕೈಯಿಂದ ಜೇಬಿನ ಪ್ಯಾಕು ತೆಗೆದು ನೋಡಿ, ಮತ್ತೆ ಒಳಗಿಟ್ಟುಕೊಂಡರು.